ಗೋಡೆ ಒಡೆಯುವ ಮುಂಚೆ

ನಾನು ತಟ್ಟಮ್ಮನನ್ನು ಮೊದಲು ನೋಡಿದ ದಿನ ಅವಳು ಖಾಲಿ ಮನೆಯೊಂದರ ನಡುವೆ ಚಾಪೆ ಹಾಸಿಕೊಂಡು ಕೂತಿದ್ದಳು. ಬಾಡಿಗೆಗೆ ಕೊಡುತ್ತಾರಂತೆ ಎಂದು ಕೇಳಿಕೊಂಡು ಹೋದ ನಾನು, ಇವಳ್ಯಾರೋ ನನಗಿಂತ ಮುಂಚೆ ಬಂದು ಜಾಗ ಹಿಡಿದಳು ಅಂದುಕೊಂಡೆ. ನನ್ನವರು ಹೋಗಿ ನಾಲ್ಕು ತಿಂಗಳಾಗಿತ್ತು. ಅಷ್ಟರಲ್ಲಿ ಏಳು ಮನೆ ನೋಡಿದ್ದೆ. ಒಂಟಿ ಹೆಂಗಸು ಎಂದು ಮೂರು ಕಡೆ ಕೊಡಲಿಲ್ಲ, ನಾಲ್ಕು ಕಡೆ ನಾನೇ ಒಲ್ಲೆ ಅಂದೆ.

"ಕೂತ್ಕೊ ತಂಗಿ," ಅಂದಳು. "ಮೊದಲು ಈ ಮನೆ ಹುಳುಕೆಲ್ಲ ಹೇಳ್ಬಿಡ್ತೀನಿ. ಆಮೇಲೆ ಬೇಕಾದ್ರೆ ಚೆಂದ ನೋಡು."

ಮೂರು ಗಂಟೆಯಿಂದ ಆರರ ತನಕ ಪಡುವಣ ಕಿಟಕಿಯಿಂದ ಬಿಸಿಲು ಮುಖಕ್ಕೇ ಹೊಡೆಯುತ್ತದೆ, ಮೇಲಿನವರು ಸ್ನಾನಕ್ಕೆ ನಿಂತರೆ ಅಡುಗೆಮನೆಯ ನಲ್ಲಿ ಗೊರಕೆ ಹೊಡೆಯುತ್ತದೆ, ಮಳೆಗಾಲದಲ್ಲಿ ಬಾಗಿಲು ಉಬ್ಬಿಕೊಳ್ಳುತ್ತದೆ, ಹಾಗಂತ ಒದೆಯಬಾರದು ಎಂದೆಲ್ಲ ಹೇಳಿದಳು. ಇಷ್ಟು ಹೇಗೆ ಗೊತ್ತು ಎಂದರೆ, ಯಾವ ಮನೆ ಖಾಲಿಯಾದರೂ ಮುಂದಿನವರಿಗೆ ಕೊಡುವ ಮುಂಚೆ ಎಂಟು ದಿನ ಅವಳೇ ಅದರಲ್ಲಿ ಇರುತ್ತಿದ್ದಳು. ಅಲ್ಲೇ ಅಡುಗೆ, ಅಲ್ಲೇ ಸ್ನಾನ, ಅಲ್ಲೇ ನಿದ್ದೆ. ತಾನು ಉಂಡು ನೋಡದ ಅಡುಗೆಯನ್ನು ಇನ್ನೊಬ್ಬರಿಗೆ ಬಡಿಸಬಾರದು ಅನ್ನುತ್ತಿದ್ದಳು.

ಆ ಕಟ್ಟಡ ಅವಳದೇ, ಒಟ್ಟು ಆರು ಮನೆ. ಕೆಳಗಿನ ಮೂರರಲ್ಲಿ ಒಂದರಲ್ಲಿ ಅವಳಿದ್ದಳು, ಅದರ ಪಕ್ಕದ್ದು ನನಗೆ ಸಿಕ್ಕಿತು. ಎಲ್ಲಿ ನಿಂತರೂ ಬೆರಳ ಗೆಣ್ಣಿನಿಂದ ಗೋಡೆ ತಟ್ಟಿ ಕಿವಿ ಇಡುತ್ತಿದ್ದುದರಿಂದ ಅವಳಿಗೆ ತಟ್ಟಮ್ಮ ಎಂದು ಹೆಸರು ಬಿದ್ದಿತ್ತು. ಮೋಡ ಕಾಣುವುದಕ್ಕೆ ತಿಂಗಳ ಮುಂಚೆಯೇ ತಾರಸಿಯ ನೀರು ಹೋಗುವ ಕೊಳವೆಯಿಂದ ಎಲೆ ಕಸ ತೆಗೆಸುತ್ತಿದ್ದಳು. ನಲ್ಲಿ ತೊಟ್ಟಿಕ್ಕುತ್ತದೆ ಎಂದರೆ ಅದೇ ದಿನ ರಬ್ಬರ್ ಬಿಲ್ಲೆ ಬದಲಾಯಿಸುವಳು. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ತರಿಸಿಕೊಳ್ಳುವವರು ಮನೆ ಕಟ್ಟಬಾರದು ಅನ್ನುತ್ತಿದ್ದಳು. ಇನ್ನೊಂದು ಕಟ್ಟುನಿಟ್ಟು: ಬಾಡಿಗೆಯವರ ಹೊಸ್ತಿಲು ದಾಟಬೇಕಾದರೆ ಹಿಂದಿನ ದಿನವೇ ಹೇಳಬೇಕು. ಮನೆ ತನ್ನದಾದರೂ ಒಳಗಿನ ಸಂಸಾರ ತನ್ನದಲ್ಲವಲ್ಲ.

ಈ ಮಾತನ್ನು ಅವಳು ಒಂದೇ ಒಂದು ಸಲ ಮೀರಿದಳು.

ನನ್ನ ಮೇಲಿನ ಮನೆಯಲ್ಲಿ ದರ್ಜಿಯೊಬ್ಬ ಹನ್ನೊಂದು ವರ್ಷದಿಂದ ಇದ್ದ. ಹೆಂಡತಿ ಮಕ್ಕಳಿಲ್ಲ, ಒಂದು ಹೊಲಿಗೆ ಯಂತ್ರ, ಒಂದು ಕೆಮ್ಮು. ಆ ವರ್ಷ ಅವನ ಬಚ್ಚಲ ಕಡೆಯ ಗೋಡೆ ಒದ್ದೆಯಾಗುತ್ತ ಬಂತು, ಕೆಮ್ಮೂ ಜಾಸ್ತಿಯಾಯಿತು. ತಟ್ಟಮ್ಮ ಹೊರಗಿನಿಂದಲೇ ತಟ್ಟಿ ನೋಡಿ, ಒಳಗಿನ ಪೈಪು ಹೋಗಿದೆ, ಗೋಡೆ ಒಡೆಯದೆ ದಾರಿಯಿಲ್ಲ ಅಂದಳು. ಮೇಸ್ತ್ರಿ ಮಾತ್ರ ನಾಳೆ ನಾಳೆ ಎಂದು ಮೂರು ವಾರ ಕುಣಿಸಿದ. ಆಮೇಲೆ ಒಂದು ಬೆಳಿಗ್ಗೆ ಹೇಳದೆ ಕೇಳದೆ ಬಂದು ನಿಂತ. ಸಿಕ್ಕವನನ್ನು ಬಿಟ್ಟರೆ ಮತ್ತೆ ಸಿಗುವುದಿಲ್ಲ ಎಂದು ಅವಳು ಅವನನ್ನು ನೇರ ಮೇಲಕ್ಕೆ ಕಳಿಸಿಬಿಟ್ಟಳು.

ದರ್ಜಿ ಬಾಗಿಲು ತೆಗೆದರೆ ಎದುರಿಗೆ ಸುತ್ತಿಗೆ ಹಿಡಿದವನು. ಮನೆ ಖಾಲಿ ಮಾಡಿ, ಗೋಡೆ ಒಡೀಬೇಕು ಎಂದು ಮೇಸ್ತ್ರಿ ಹೇಳಿದ್ದೇ ತಡ, ಬಾಗಿಲು ಮುಚ್ಚಿತು. ಹೊಲಿಗೆ ಯಂತ್ರವನ್ನು ಬಾಗಿಲಿಗೆ ಅಡ್ಡ ಎಳೆದ ಸದ್ದು ನನ್ನ ತಲೆಯ ಮೇಲೆಯೇ ಕೇಳಿಸಿತು.

ಅವನದು ಬಿಸಿಹಾಲು ಕುಡಿದ ಬೆಕ್ಕಿನ ಕಥೆ. ಹಿಂದೆ ಇದ್ದ ಕಡೆ ಮಾಲೀಕ ರಿಪೇರಿ ಎಂದು ಹದಿನೈದು ದಿನಕ್ಕೆ ಹೊರಗೆ ಕಳಿಸಿದ್ದನಂತೆ. ತಿರುಗಿ ಬಂದರೆ ಇವನ ಹಗ್ಗದ ಮೇಲೆ ಬೇರೆ ಸಂಸಾರದ ಬಟ್ಟೆ ಒಣಗುತ್ತಿದ್ದವು. ಈಗ ತಟ್ಟಮ್ಮ ಮೂರು ಸಲ ಮೇಲೆ ಹೋಗಿ ಬಾಗಿಲಾಚೆಯಿಂದ ಕರೆದಳು. ಒಳಗಿನಿಂದ ಹೊಲಿಗೆಯ ಸದ್ದು ಮಾತ್ರ ಬರುತ್ತಿತ್ತು.

ಅಷ್ಟರಲ್ಲಿ ನೀರು ನನ್ನ ಗೋಡೆಗೂ ಇಳಿಯಿತು. ನಾನು ದಿನಾ ಬೆಳಿಗ್ಗೆ ಒಲೆ ಹಚ್ಚುವ ಮುಂಚೆ ಒದ್ದೆ ಎಲ್ಲಿಯ ತನಕ ಬಂದಿದೆಯೋ ಅಲ್ಲಿ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದೆ. ಮೊದಲ ದಿನ ಸೂರಿನಿಂದ ಮೂರು ಬೆರಳು, ನಾಲ್ಕನೆಯ ದಿನ ಒಂದು ಗೇಣು. ಒಂಬತ್ತನೆಯ ದಿನ ಲೈಟಿನ ಸ್ವಿಚ್ಚಿಗೆ ನಾಲ್ಕೇ ಬೆರಳು ಉಳಿದಿತ್ತು. ತಟ್ಟಮ್ಮ ನನ್ನ ಮನೆಯ ಕರೆಂಟು ತೆಗೆಸಿದಳು. ನಾನು ಮೇಲೆ ಹೋಗಿ, ಅಣ್ಣಾ, ನಿನ್ನ ಮನೆ ಮಾತು ಹಾಗಿರಲಿ, ನನ್ನ ಗೋಡೆ ಬಂದು ನೋಡು ಅಂದೆ. ಬಹಳ ಹೊತ್ತಾದ ಮೇಲೆ ಯಂತ್ರ ಸರಿದ ಸದ್ದಾಯಿತು. ಅವನು ಹೊರಗೆ ಬಂದು, ಬೀಗ ಹಾಕಿ, ಎರಡು ಸಲ ಎಳೆದು ನೋಡಿ, ನನ್ನ ಜೊತೆ ಇಳಿದ.

ಒಂಬತ್ತು ಗೆರೆಗಳನ್ನೂ ಬಟ್ಟೆ ಅಳೆಯುವ ಹಾಗೆ ಗೇಣು ಹಾಕಿ ನೋಡಿದ. ಅಷ್ಟು ಹೊತ್ತಿಗೆ ತಟ್ಟಮ್ಮ ನನ್ನ ಹೊಸ್ತಿಲ ಹೊರಗೆ ಬಂದು ನಿಂತಿದ್ದಳು.

"ತಪ್ಪು ನಂದು. ಹಿಂದಿನ ದಿನ ಹೇಳ್ಬೇಕಿತ್ತು," ಅಂದಳು.

"ಹೇಳಿದ್ರೂ ನಾನು ಹೋಗ್ತಿರ್ಲಿಲ್ಲಮ್ಮ."

"ಎಲ್ಲಿಗೂ ಹೋಗ್ಬೇಡ. ನನ್ನ ಮನೇಲಿರು, ಅದರ ಬೀಗದ ಕೈ ನೀನೇ ಇಟ್ಕೊ. ನಾನು ಈ ತಂಗಿ ಹತ್ರ ಇರ್ತೀನಿ. ನಿನ್ನ ಗೋಡೆ ಆಗೋ ತನಕ ನಿಂಗೂ ಮನೆ ಇಲ್ಲ, ನಂಗೂ ಇಲ್ಲ. ಯಾರಿಗೆ ಅವಸರ ಜಾಸ್ತಿ ಅಂತ ನೋಡೋಣ."

ದರ್ಜಿ ನಕ್ಕ. ನಗು ಕೆಮ್ಮಾಯಿತು. ಆ ಸಂಜೆಯೇ ಅವನ ಯಂತ್ರ ಅವಳ ಮನೆಯ ಕಿಟಕಿಯ ಪಕ್ಕಕ್ಕೆ ಬಂತು.

ಸುದ್ದಿ ಕೇಳಿ ಅವಳ ತಮ್ಮ ಓಡಿಬಂದ. ಬಾಡಿಗೆಯವನನ್ನು ಒಳಗೆ ಕೂರಿಸಿದರೆ ಅವನು ಮತ್ತೆ ಏಳುವುದಿಲ್ಲ, ಬುದ್ಧಿ ಎಲ್ಲಿಟ್ಟಿದ್ದೀಯ ಎಂದು ಗದರಿದ. ಅವಳು ಸೊಪ್ಪು ಸೋಸುತ್ತಲೇ, "ಎರಡು ದಿನಕ್ಕೆ ಅಂತ ಬಂದು ನಮ್ಮನೇಲಿ ನೀನು ಎರಡು ವರ್ಷ ಇದ್ಯಲ್ಲ, ಎದ್ದು ಹೋಗ್ಲಿಲ್ವಾ? ಅವನೂ ಏಳ್ತಾನೆ," ಅಂದಳು. ತಮ್ಮ ಟೀ ಕುಡಿದು ಹೋದ.

ಒಡೆದು ನೋಡಿದರೆ ಪೈಪಿನಲ್ಲಿದ್ದದ್ದು ಸೂಜಿಯ ಕಣ್ಣಿನಷ್ಟು ತೂತು. ಇದಕ್ಕೆ ಎರಡು ಹೊಲಿಗೆ ಸಾಕಿತ್ತು ಎಂದು ದರ್ಜಿ ಹೇಳಿದ. ಗಾರೆ ಆದ ಮಾರನೆಯ ದಿನವೇ ಬಣ್ಣ ಹೊಡೆಯಲು ಹೊರಟ ಮೇಸ್ತ್ರಿಯನ್ನು ತಟ್ಟಮ್ಮ ತಡೆದು, ಹಸಿ ಗಾಯಕ್ಕೆ ಪೌಡರು ಬಳೀತೀಯಾ ಎಂದು ವಾಪಸು ಕಳಿಸಿದಳು. ಎರಡು ಗೋಡೆಯೂ ಒಣಗಲು ಹದಿನೆಂಟು ದಿನ ಹಿಡಿಯಿತು. ಅಷ್ಟು ದಿನವೂ ದರ್ಜಿ ಬೆಳಿಗ್ಗೆ ಸಂಜೆ ಮೆಟ್ಟಿಲು ಹತ್ತಿ ಹೋಗಿ ತನ್ನ ಮನೆ ನೋಡಿಕೊಂಡು ಬರುತ್ತಿದ್ದ. ಒಳಗೆ ಇನ್ಯಾರಾದರೂ ಬಂದಿದ್ದಾರೋ ಎಂದು ನೋಡುತ್ತಿದ್ದನೆಂದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಕೊನೆಗೆ ಅವಳು ರಿಪೇರಿಗೆಂದು ಅವನಿಂದ ಪಡೆದಿದ್ದ ಮೇಲಿನ ಬೀಗದ ಕೈಯನ್ನು ಅವನ ಮುಂದೆ ಇಟ್ಟಳು. ಅವನು ಅದನ್ನು ತೆಗೆದುಕೊಳ್ಳಲಿಲ್ಲ.

"ಎಲ್ಲ ಮನೇಲೂ ಎಂಟು ದಿನ ಇದ್ದು ನೋಡ್ತೀರಲ್ಲ. ನಂದ್ರಲ್ಲೂ ಇದ್ದು ನೋಡಿ. ಆಮೇಲೆ ನಾನು ಹತ್ತುತ್ತೀನಿ," ಅಂದ.

ಅವಳು ಅಂದೇ ಚಾಪೆ ಸುತ್ತಿಕೊಂಡು ಮೇಲೆ ಹೋದಳು. ಎಂಟು ದಿನ ಅಲ್ಲಿದ್ದು, ಬಚ್ಚಲ ನೀರು ನಿಲ್ಲುವ ಒಂದು ಮೂಲೆಯನ್ನು ಕಂಡುಹಿಡಿದು ಸರಿಮಾಡಿಸಿ, ಇಳಿದು ಬಂದಳು. ಒಂಬತ್ತನೆಯ ದಿನ ದರ್ಜಿ ಯಂತ್ರ ಹೊರಿಸಿಕೊಂಡು ತನ್ನ ಮನೆಗೆ ಹೋದ.

ಇದಾಗಿ ಇನ್ನೂ ಒಂಬತ್ತು ವರ್ಷ ನಾವು ಒಟ್ಟಿಗೆ ಇದ್ದೆವು. ಆಮೇಲೆ ಅವಳ ಮಂಡಿ ಕೈಕೊಟ್ಟಿತು. ಅವಳ ಒಡಹುಟ್ಟಿದ ತಂಗಿಯ ಮಗಳು ಕಾರು ತಂದು, ನಮ್ಮಲ್ಲೇ ಇರು ದೊಡ್ಡಮ್ಮ ಎಂದು ಹೊರಡಿಸಿದಳು. ದರ್ಜಿಗೂ ವಯಸ್ಸಾಗಿತ್ತು. ಅವನು ಮೆಟ್ಟಿಲ ಅರ್ಧಕ್ಕೆ ಕೂತು ಉಸಿರು ತೆಗೆದುಕೊಳ್ಳುವುದನ್ನು ನಾನೂ ತಟ್ಟಮ್ಮನೂ ಎಷ್ಟೋ ದಿನದಿಂದ ನೋಡುತ್ತಿದ್ದೆವು, ಅವನ ಮುಂದೆ ಆಡಿರಲಿಲ್ಲ.

ಕಾರು ಹೊರಡುವಾಗ ಅವಳು ಗಾಜು ಇಳಿಸಿ ನನ್ನನ್ನು ಹತ್ತಿರ ಕರೆದಳು.

"ನನ್ನ ಮನೆ ಖಾಲಿ ಇರುತ್ತೆ ತಂಗಿ. ಅವನಿಗೆ ಮೆಟ್ಟಿಲು ಆಗ್ತಿಲ್ಲ. ಕೆಳಗೆ ಬಂದಿರ್ತೀಯಾ ಅಂತ ಕೇಳು. ನಾನು ಹೇಳ್ದೆ ಅನ್ನಬೇಡ, ನಾನು ಹೇಳ್ದೆ ಅಂತ್ಲೇ ಮನಸ್ಸಿಲ್ದಿದ್ರೂ ಇಳಿದುಬಿಡ್ತಾನೆ. ಒಂದು ದಿನ ಯೋಚನೆ ಮಾಡೋಕೆ ಬಿಡು. ಬರಲ್ಲ ಅಂದ್ರೆ ಸುಮ್ನಾಗ್ಬಿಡು. ಕೇಳ್ತೀಯಲ್ಲ?"