ಸಿಡಿಲಿನ ಚಿಕ್ಕಮ್ಮ ಮೈಕು ಹಿಡಿದದ್ದು

ಅವಳನ್ನು ಎಲ್ಲರೂ ಸಿಡಿಲು ಎಂದೇ ಕರೆಯುತ್ತಿದ್ದರು. ಹಗಲೆಲ್ಲ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯಲ್ಲಿ ಕೈಚೀಲಗಳ ಮೇಲೆ ಯಾರ್ಯಾರದೋ ಹೆಸರು ಅಚ್ಚು ಹಾಕುವ ಕೆಲಸ. ಸಂಜೆಯಾದರೆ ಹಿಟ್ಟಿನ ಗಿರಣಿಯ ಮಹಡಿಯಲ್ಲಿ ಪಂಕ್ ಬ್ಯಾಂಡು. ಅವಳು ಹಾಡುತ್ತಿದ್ದಳು ಅನ್ನುವುದಕ್ಕಿಂತ ಅರಚುತ್ತಿದ್ದಳು ಅಂದರೆ ಸರಿ. ಗಿರಣಿಯವನು ಮಾತ್ರ ತಕರಾರು ತೆಗೆಯಲಿಲ್ಲ. "ನನ್ ಮಷೀನಿಗಿಂತ ನಿಮ್ ಗಲಾಟೇನೇ ವಾಸಿ" ಅನ್ನುತ್ತಿದ್ದ. ಬ್ಯಾಂಡಿನ ಪೋಸ್ಟರುಗಳನ್ನೂ ಅವಳೇ ಬರೆಯುತ್ತಿದ್ದಳು. ಮುಖದ ತುಂಬ ಬಾಯಿಯೇ ಇರುವ ಮನುಷ್ಯರು, ಕೆಂಪು ಕಪ್ಪಿನಲ್ಲಿ.

ಹಾಗಿರುವಾಗ ಗಂಟಲು ಕೈಕೊಟ್ಟಿತು. ಧ್ವನಿತಂತುವಿನ ಮೇಲೆ ಗಂಟು. ಆಪರೇಷನ್ ಮಾಡಿದ ಡಾಕ್ಟರು, "ಎರಡು ತಿಂಗಳು ಪಿಸುಮಾತೂ ಬೇಡ" ಎಂದರು. ಸಿಡಿಲು ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು.

ಅವಳನ್ನು ಚಿಕ್ಕಂದಿನಿಂದ ಸಾಕಿದ ಚಿಕ್ಕಮ್ಮ ಹೊಲಿಗೆಯವಳು. ಸಮಾಧಾನದ ಮಾತು ಆಕೆಗೆ ಬರುವುದಿಲ್ಲ. ಹಳೆಯ ಹೊದಿಕೆಗಳನ್ನೆಲ್ಲ ಒಂದಕ್ಕೊಂದು ಜೋಡಿಸಿ ಹೊಲಿದು, ಗೋಡೆಯುದ್ದಕ್ಕೂ ಇಳಿಬಿಟ್ಟಳು.

"ಬಾಯ್ ಮುಚ್ಕೊಂಡಿರು ಅಂದಿದಾರೆ. ಕೈ ಕಟ್ಕೊಂಡಿರು ಅಂದಿಲ್ವಲ್ಲ. ಏಳು."

ಸಿಡಿಲು ಎದ್ದಳು. ಅರಚಲಾಗದ್ದನ್ನೆಲ್ಲ ಬಣ್ಣದಲ್ಲಿ ಆ ಬಟ್ಟೆಯ ಮೇಲೆ ಬಳಿದಳು.

ಒಪ್ಪಿಕೊಂಡಿದ್ದ ಕಾರ್ಯಕ್ರಮವೊಂದು ಬಾಕಿಯಿತ್ತು. ಅದನ್ನು ಬಿಟ್ಟುಬಿಡೋಣ ಎಂದು ಹೇಳಲು ಡ್ರಮ್ಮಿನವನು ಬಂದ.

"ಯಾಕಪ್ಪಾ ಬಿಡ್ತೀರಾ? ಹಾಡು ನಾನು ಹೇಳ್ತೀನಿ" ಎಂದಳು ಚಿಕ್ಕಮ್ಮ.

"ನಿಮಗೆ ಹಾಡು ಬರತ್ತಾ ಅಮ್ಮಾ?"

"ಇಷ್ಟು ವರ್ಷ ಬಚ್ಚಲಲ್ಲಿ ಅದನ್ನೇ ಅರಚಿದಾಳೆ. ಬರದೆ ಏನು."

ಹಿಂದೊಮ್ಮೆ ಇವರಿಗೆ ನೀರು ನಿಲ್ಲಿಸಿದ ಮನೆ ಮಾಲೀಕನ ಮೇಲಿನ ಹಾಡು ಅದು. ಆ ದಿನಗಳಲ್ಲಿ ಮಹಡಿಯ ಮನೆಗೆ ನೀರಿನ ಬಕೆಟ್ಟು ಹೊತ್ತವಳು ಚಿಕ್ಕಮ್ಮನೇ. ಕಾರ್ಯಕ್ರಮದ ದಿನ ವೇದಿಕೆಯ ಮೇಲೆ, ಸಿಡಿಲು ಚಿತ್ರ ಬರೆದ ಬಟ್ಟೆಯ ಮುಂದೆ ಕನ್ನಡಕ ಸರಿಪಡಿಸಿಕೊಂಡು ನಿಂತು, ಮೊದಲು ಗಿರಾಕಿಯನ್ನು ಗದರಿಸುವ ದನಿಯಲ್ಲಿ ಶುರುಮಾಡಿದಳು. ಎರಡನೆಯ ಸಾಲಿಗೆ ಮೈಯೆಲ್ಲ ಬೆಂಕಿಯಾಯಿತು. ಕೂದಲಿಗೆ ನೀಲಿ ಬಣ್ಣ ಹಚ್ಚಿದ ಹುಡುಗ ಹುಡುಗಿಯರು ಕುಣಿಯುವುದನ್ನೂ ಮರೆತು ನಿಂತರು. ಆಮೇಲೆ ಸಭಾಂಗಣ ಕಿತ್ತುಹೋಗುವಂತೆ ಕುಣಿದರು. ಮೂಲೆಯಲ್ಲಿದ್ದ ಸಿಡಿಲು ಸದ್ದಿಲ್ಲದೆ ಅತ್ತಳು.

ಮಾತಾಡಬಹುದು ಎಂದು ಡಾಕ್ಟರು ಹೇಳಿದ ದಿನ ಏನೇನೋ ಹೇಳಬೇಕೆಂದು ಮನೆಗೆ ಓಡಿಬಂದಳು. ಬಾಯಿಂದ ಬಂದದ್ದು, "ಊಟ ಆಯ್ತಾ ಚಿಕ್ಕಮ್ಮಾ?"

"ಇಷ್ಟು ಕೇಳಕ್ಕೆ ಎರಡು ತಿಂಗಳು ಬೇಕಾಯ್ತಾ?" ಎಂದಳು ಆಕೆ, ಮಷೀನಿನಿಂದ ತಲೆಯೆತ್ತದೆ. ಕಾಲು ಮಾತ್ರ ತುಳಿಯುವುದನ್ನು ನಿಲ್ಲಿಸಿತ್ತು.

ದನಿ ಪೂರ್ತಿ ಮರಳಲಿಲ್ಲ. ಈಗ ಸಿಡಿಲು ಎರಡೋ ಮೂರೋ ಹಾಡನ್ನು ಒರಟು ಗಂಟಲಲ್ಲಿ ಹಾಡುತ್ತಾಳೆ; ಉಳಿದಂತೆ ವೇದಿಕೆಯ ಮೇಲೆಯೇ ಚಿತ್ರ ಬರೆಯುತ್ತಾಳೆ. ಕಳೆದುಕೊಂಡದ್ದರ ಬಗ್ಗೆ ಯಾರಾದರೂ ಕನಿಕರ ತೋರಿಸಿದರೆ ಅವಳಿಗೆ ನಗು ಬರುತ್ತದೆ. "ನಂಗೆ ಸಿಕ್ಕಿದ್ದೇ ಜಾಸ್ತಿ" ಅನ್ನುತ್ತಾಳೆ.