ಗಿಣಿ ಬಂದಾಗ ನಿಂತುಹೋಗುತ್ತಿದ್ದ ಆಟ

ನಿನ್ನೆ ದಿಂಡಿಗಲ್ಲಿನ ಮಾರುಕಟ್ಟೆಯಿಂದ ತಂದ ಕಪ್ಪು ದ್ರಾಕ್ಷಿಯನ್ನು ತೊಳೆಯುತ್ತಿದ್ದೆ. ಗೊಂಚಲಿನ ಒಳಗೆಲ್ಲೋ ಅರ್ಧ ಕುಕ್ಕಿದ ಒಂದು ಹಣ್ಣು ಸಿಕ್ಕಿತು. ಗಿಣಿಯ ಕೆಲಸ. ಹೆಂಡತಿ ನೋಡಿ, "ಇಷ್ಟು ವರ್ಷ ಆಯ್ತು, ನೋಡಿ ತರೋಕೆ ಬರಲ್ಲ" ಎಂದಳು. ಅವಳ ಮಾತು ನಿಜವೇ. ಆದರೆ ನಾನು ಆ ಹಣ್ಣನ್ನು ಎಸೆಯದೆ ಸ್ವಲ್ಪ ಹೊತ್ತು ಅಂಗೈಯಲ್ಲಿಟ್ಟುಕೊಂಡು ನಿಂತಿದ್ದೆ. ಯಾಕೆಂದು ನಿಮಗೆ ಹೇಳಬೇಕಾದರೆ ತಮಿಳುನಾಡಿನ ತೇನಿಯ ಬಸ್ ನಿಲ್ದಾಣದ ಹತ್ತಿರವಿದ್ದ ಒಂದು ಮಹಡಿಯನ್ನು ಹತ್ತಬೇಕಾಗುತ್ತದೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಕೆಳಗೆ ಬಳೆ ಅಂಗಡಿ, ಮೇಲೆ ಕಂಪ್ಯೂಟರ್ ತರಬೇತಿ ಕೇಂದ್ರ. ಆರು ಯಂತ್ರಗಳು, ಅವುಗಳಲ್ಲಿ ಬಣ್ಣದ ಪರದೆ ಇದ್ದದ್ದು ಒಂದಕ್ಕೆ ಮಾತ್ರ. ಒಳಗೆ ಬರುವವರು ಚಪ್ಪಲಿ ಹೊರಗೆ ಬಿಡಬೇಕು. ಯಂತ್ರಕ್ಕೆ ಧೂಳು ಆಗದು ಎಂಬುದು ಯಜಮಾನರ ನಂಬಿಕೆ. ನಾನು ದಿಂಡಿಗಲ್ಲಿನಲ್ಲಿ ಡಿಪ್ಲೊಮಾ ಮುಗಿಸಿ ಬಂದು ಅಲ್ಲಿ ಪಾಠ ಹೇಳುತ್ತಿದ್ದೆ. ವಯಸ್ಸು ಇಪ್ಪತ್ತಮೂರು. ಆ ವಯಸ್ಸಿನಲ್ಲಿ ಒಂದು ಕೆಂಪು ಪೆನ್ನು ಕೈಗೆ ಸಿಕ್ಕಿದರೆ ಮನುಷ್ಯ ಏನಾಗಬಹುದೋ ಅದೆಲ್ಲ ನಾನಾಗಿದ್ದೆ. ಬೇರೆಯವರ ತಪ್ಪು ಎಷ್ಟು ಬೇಗ ಕಂಡುಹಿಡಿಯುತ್ತೇನೋ ಅಷ್ಟು ಬುದ್ಧಿವಂತ ಎಂದು ನನ್ನ ಲೆಕ್ಕ.

ಒಮ್ಮೆ ಯಜಮಾನರಿಗೆ ಒಂದು ಹುಮ್ಮಸ್ಸು ಬಂತು. ಶನಿವಾರ ಬೆಳಗ್ಗೆ ಶುರು ಮಾಡಿ ಭಾನುವಾರ ಸಂಜೆಯೊಳಗೆ ಪ್ರತಿಯೊಬ್ಬ ವಿದ್ಯಾರ್ಥಿಯೂ ಸ್ವಂತವಾಗಿ ಒಂದು ಕಂಪ್ಯೂಟರ್ ಆಟ ಬರೆಯಬೇಕು, ಅದಕ್ಕೆ ಸಂಗೀತವನ್ನೂ ತಾನೇ ಹಾಕಬೇಕು. ಈಗ ಇಂಥವು ಇಂಟರ್ನೆಟ್ಟಿನಲ್ಲಿ ವಾರಕ್ಕೆ ಹತ್ತು ನಡೆಯುತ್ತವೆ. ಆಗ ಅದು ನಮ್ಮ ಯಜಮಾನರ ತಲೆಯಲ್ಲಿ ಮಾತ್ರ ಇತ್ತು ಎಂದು ನಾನು ನಂಬಿದ್ದೆ. ಸಂಗೀತವೆಂದರೆ ದೊಡ್ಡದೇನೂ ಅಲ್ಲ, ಯಂತ್ರದ ಹೊಟ್ಟೆಯೊಳಗಿನ ಪುಟ್ಟ ಸ್ಪೀಕರಿನಿಂದ ಒಂದು ಸಲಕ್ಕೆ ಒಂದೇ ಸ್ವರ, ಕೀಂ ಎಂದು. ತೀರ್ಪುಗಾರ ನಾನು.

ಎಂಟು ಆಟಗಳು ಬಂದವು. ಅವುಗಳಲ್ಲಿ ಒಂದನ್ನು ಬರೆದವಳು ಈಶ್ವರಿ. ತರಗತಿಯಲ್ಲಿ ಎಲ್ಲರಿಗಿಂತ ದೊಡ್ಡವಳು. ಮೂವತ್ತು ದಾಟಿತ್ತು, ಶಾಲೆಗೆ ಹೋಗುವ ಮಗಳಿದ್ದಳು. ಕಂಬಂ ಹತ್ತಿರದ ದ್ರಾಕ್ಷಿ ತೋಟದಿಂದ ದಿನಾ ಬಸ್ಸಿನಲ್ಲಿ ಬಂದು, ಕೊನೆಯ ಬೆಂಚಿನಲ್ಲಿ ಕೂತು, ಒಂದೊಂದೇ ಬೆರಳಿನಲ್ಲಿ ಕೀಲಿ ಒತ್ತುತ್ತಿದ್ದಳು. ಉಳಿದವರೆಲ್ಲ ಅವಳನ್ನು ಅಕ್ಕ ಎನ್ನುತ್ತಿದ್ದರು. ನಾನು ಗುರುವಲ್ಲವೇ, ಹೆಸರು ಹಿಡಿದೇ ಕರೆಯುತ್ತಿದ್ದೆ.

ಅವಳ ಆಟದಲ್ಲಿ ಒಂದು ದ್ರಾಕ್ಷಿ ಚಪ್ಪರ. ಎರಡೂ ಬದಿಯಿಂದ ಗಿಣಿಗಳು ಬರುತ್ತವೆ. ಕೀಲಿ ಒತ್ತಿ ತಗಡಿನ ಡಬ್ಬಾ ಬಡಿದು ಅವನ್ನು ಓಡಿಸಬೇಕು. ಹಿಂದಿನಿಂದ ಡಣ್ ಡಣ್ ಡಡಣ್ ಎಂದು ಒಂದು ಸದ್ದು. ಆದರೆ ಸದ್ದು ಬಂದಾಗಲೆಲ್ಲ ಪರದೆ ಇದ್ದಲ್ಲೇ ಸ್ತಬ್ಧ. ಗಿಣಿ ಗಾಳಿಯಲ್ಲಿ ನೇತಾಡುತ್ತದೆ, ಕೀಲಿ ಒತ್ತಿದರೂ ಕೇಳುವುದಿಲ್ಲ. ಸದ್ದು ಮುಗಿದ ಮೇಲೆ ಒಂದು ಹೆಜ್ಜೆ ಮುಂದಕ್ಕೆ, ಮತ್ತೆ ಡಣ್ ಡಣ್. ಒಂದು ನಿಮಿಷ ಆಡಿ ಕೈಬಿಟ್ಟೆ. ಅಭಿಪ್ರಾಯದ ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಬರೆದೆ: ಸಂಗೀತ ಕಿರಿಕಿರಿ, ಆಟ ಕೆಡಿಸುತ್ತದೆ, ತೆಗೆದುಹಾಕಿ. ಬರೆದದ್ದಷ್ಟೇ ಆಗಿದ್ದರೆ ಒಂದು ಮಾತು. ಎಲ್ಲರ ಮುಂದೆ ನಿಂತು ಜೋರಾಗಿ ಓದಿದೆ. ಮುಂದಿನ ಬೆಂಚಿನವರು ನಕ್ಕರು. ನನಗೆ ಆ ನಗು ಹಿತವಾಗಿತ್ತು ಎಂದು ಈಗ ನಿಮ್ಮ ಬಳಿ ಒಪ್ಪಿಕೊಳ್ಳುತ್ತೇನೆ.

ಈಶ್ವರಿ ಹಾಳೆಯನ್ನು ನಾಲ್ಕಾಗಿ ಮಡಚಿ ಚೀಲಕ್ಕೆ ಹಾಕಿಕೊಂಡಳು. "ಸರಿ ಸಾರ್" ಎಂದಳು. ಸೋಮವಾರ ಬರಲಿಲ್ಲ. ಆ ವಾರವೆಲ್ಲ ಬರಲಿಲ್ಲ. ಪರೀಕ್ಷೆಗೆ ಎರಡೇ ತಿಂಗಳಿತ್ತು. ಅವಳ ಜೊತೆ ಅದೇ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿಯನ್ನು ಯಜಮಾನರು ವಿಚಾರಿಸಿದರು. "ಅಕ್ಕ ಇನ್ನು ಬರಲ್ವಂತೆ ಸಾರ್. ಈ ಯಂತ್ರ ಎಲ್ಲ ನಮ್ಮಂಥವರಿಗೆ ಅಲ್ಲ ಅಂದರು" ಎಂದಳು ಅವಳು. ಯಜಮಾನರು ನನ್ನ ಮುಖ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಇಷ್ಟಾದರೂ ನನಗೆ ಬುದ್ಧಿ ಬಂದದ್ದು ಒಳ್ಳೆಯ ಮನಸ್ಸಿನಿಂದಲ್ಲ. ಮುಂದಿನ ತಂಡಕ್ಕೆ, ಪ್ರೋಗ್ರಾಂ ಹೀಗೆ ಬರೆಯಬಾರದು ಎಂದು ತೋರಿಸಲು ಒಂದು ಉದಾಹರಣೆ ಬೇಕಿತ್ತು. ಈಶ್ವರಿಯ ಆಟವಿದ್ದ ಫ್ಲಾಪಿ ನನ್ನ ಬಳಿಯೇ ಉಳಿದಿತ್ತು. ಅದರಲ್ಲಿದ್ದುದನ್ನು ಪ್ರಿಂಟರಿನಲ್ಲಿ ಮುದ್ರಿಸಿ, ಕೆಂಪು ಪೆನ್ನು ಹಿಡಿದು ಕೂತೆ. ನಡುವೆ ಒಂದು ಸಾಲು ಬಂತು. ಬರೆದವರು ತಮ್ಮ ನೆನಪಿಗೆಂದು ಹಾಕಿಕೊಳ್ಳುವ, ಯಂತ್ರ ಓದದ ಟಿಪ್ಪಣಿ. ಇಂಗ್ಲಿಷ್ ಅಕ್ಷರಗಳಲ್ಲಿತ್ತು, ಮಾತು ಇಂಗ್ಲಿಷಿನದಲ್ಲ, ತಮಿಳೂ ಅಲ್ಲ. 'ಗಿಣಿ ಬಂದ್ರೆ ಬೇಗ ಬಡಿ.'

ನಮ್ಮ ಮನೆಮಾತು ಅದು. ಎಷ್ಟೋ ತಲೆಮಾರಿನಿಂದ ಈ ಕಂಬಂ ಕಣಿವೆಯಲ್ಲಿ ಉಳುತ್ತ ಬಂದ ನಮ್ಮ ಮನೆಗಳ ಕನ್ನಡ. ಕನ್ನಡನಾಡಿನಿಂದ ಬಂದವರು ಕೇಳಿದರೆ ಇದು ಕನ್ನಡವೇ ಎಂದು ಅರ್ಧ ನಿಮಿಷ ಯೋಚಿಸುತ್ತಾರೆ. ಅಮ್ಮನ ಜೊತೆ, ಅಜ್ಜಿಯ ಜೊತೆ ಬಿಟ್ಟರೆ ನಾನು ಅದನ್ನು ಬಾಯಿಗೆ ತರುತ್ತಿರಲಿಲ್ಲ. ತರಗತಿಯಲ್ಲಿ ತಮಿಳು, ಹಾಳೆಯ ಮೇಲೆ ಇಂಗ್ಲಿಷು. ಆ ಸಾಲನ್ನು ಓದುವಾಗ ಮಾತ್ರ ಅಜ್ಜಿಯೇ ಪಕ್ಕದಲ್ಲಿ ನಿಂತು ಹೇಳಿದ ಹಾಗಾಯಿತು.

ಮುಂದಿನ ಸಾಲುಗಳನ್ನು ಈಗ ನಿಜವಾಗಿ ಓದಿದೆ. ಗಿಣಿ ಎಷ್ಟು ದೂರದಲ್ಲಿದೆ ಎಂದು ಲೆಕ್ಕ ಹಾಕಿ, ಅದು ಹತ್ತಿರ ಬಂದಷ್ಟೂ ತಾಳ ಚುರುಕಾಗುವಂತೆ ಅವಳು ಬರೆದಿದ್ದಳು. ಕಣ್ಣು ಮುಚ್ಚಿದ್ದರೂ ಗಿಣಿ ಎಲ್ಲಿದೆ ಎಂದು ಕಿವಿಗೆ ತಿಳಿಯಬೇಕು. ಉಳಿದ ಏಳು ಆಟಗಳಲ್ಲಿ ಸಂಗೀತ ಬಾಗಿಲಿಗೆ ಕಟ್ಟಿದ ಕಾಗದದ ತೋರಣದಂತಿತ್ತು. ಇವಳದರಲ್ಲಿ ಸಂಗೀತವೇ ಆಟ. ಪರದೆ ನಿಂತುಹೋಗುತ್ತಿದ್ದುದಕ್ಕೆ ಕಾರಣ ಒಂದೇ. ಸಂಗೀತ ಹಿನ್ನೆಲೆಯಲ್ಲಿ ನುಡಿಯಲಿ, ಉಳಿದ ಕೆಲಸ ನಡೆಯಲಿ ಎಂದು ಯಂತ್ರಕ್ಕೆ ಹೇಳಲು ಎರಡು ಅಕ್ಷರ ಸೇರಿಸಬೇಕು. ಅವಳು ಸೇರಿಸಿರಲಿಲ್ಲ. ಹೇಗೆ ಸೇರಿಸುತ್ತಾಳೆ? ಆ ಪಾಠ ಪರೀಕ್ಷೆಗೆ ಬರುವುದಿಲ್ಲವೆಂದು ಹಾರಿಸಿದವನು ನಾನೇ.

ಮರುದಿನ ರಜೆ ಹಾಕಿ ಕಂಬಂ ಬಸ್ಸು ಹತ್ತಿದೆ. ಫ್ಲಾಪಿ ಹಿಂದಿರುಗಿಸಲು ಹೋಗುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಉತ್ತಮಪಾಳಯಂ ದಾಟುವವರೆಗೂ ಬಾಳೆತೋಟ ನೋಡುತ್ತ, ಮೊದಲ ಮಾತು ಏನಾಡಬೇಕೆಂದು ಯೋಚಿಸಿದೆ. ಒಂದೂ ಸರಿಹೋಗಲಿಲ್ಲ.

ತೋಟ ಹುಡುಕುವುದು ಕಷ್ಟವಾಗಲಿಲ್ಲ. ದೂರದಿಂದಲೇ ಡಣ್ ಡಣ್ ಕೇಳುತ್ತಿತ್ತು. ಚಪ್ಪರದ ನೆರಳಿನಲ್ಲಿ ಅವಳ ಮಾವ, ಎಪ್ಪತ್ತರ ಮುದುಕ, ಹಣ್ಣಿನ ಪೆಟ್ಟಿಗೆ ಬೋರಲು ಹಾಕಿ ಕೂತು ತೊಡೆಯ ಮೇಲಿನ ತಗಡಿನ ಡಬ್ಬಾ ಬಡಿಯುತ್ತಿದ್ದ. ಈಶ್ವರಿ ಬಳ್ಳಿ ಕಟ್ಟುತ್ತಿದ್ದವಳು ನನ್ನನ್ನು ಕಂಡು "ವಾಂಗ ಸಾರ್" ಎಂದು ತಮಿಳಿನಲ್ಲಿ ಬರಮಾಡಿಕೊಂಡಳು. ಮುಖದಲ್ಲಿ ನಗುವಿರಲಿಲ್ಲ.

"ಗಿಣಿ ಬಂದ್ರೆ ಬೇಗ ಬಡಿ ಅಂತ ಬರ್ದಿದ್ದೆಯಲ್ಲ ಅಕ್ಕ" ಎಂದೆ ನಾನು.

ಅವಳ ಕೈಯಲ್ಲಿದ್ದ ನಾರು ಅಲ್ಲೇ ನಿಂತಿತು. "ನೀವು ನಮ್ಮೋರಾ? ಇಷ್ಟ್ ದಿನ ಒಂದ್ ಮಾತೂ ಹೇಳ್ಲಿಲ್ಲ!"

ಮಾವ ಡಬ್ಬಾ ಬಡಿಯುವುದನ್ನು ನಿಲ್ಲಿಸಿದ. "ಇವ್ನೇನಾ ಆ ಪಾಡ ಹೇಳೋ ವಾದ್ಯಾರು?" ಎಂದು ಸೊಸೆಯನ್ನು ಕೇಳಿ, ನನ್ನತ್ತ ತಿರುಗಿ, "ಏನಂತ ಬರ್ದೆಯಪ್ಪ ಆ ಕಾಗಿತದಾಗ? ಇವ್ಳು ನಂಗೆ ಹೇಳಕ್ಕೇ ಒಲ್ಲೆ ಅಂತಾಳೆ. ನಮ್ ಮಾತಾಗೆ ಹೇಳು" ಎಂದ.

ಇಂಗ್ಲಿಷಿನಲ್ಲಿ ಅದು ಮೂರು ಚಿಕ್ಕ ವಾಕ್ಯ. ಅಮ್ಮನ ಜೊತೆ ಆಡುವ ಮಾತಿನಲ್ಲಿ, ಮನೆಗೆ ಬಂದವನಿಗೆ ನೀರು ಕೊಡಲು ಎದ್ದ ಮುದುಕನ ಎದುರು, ಅದನ್ನು ಹೇಳಲು ಬಾಯಿ ಬರಲಿಲ್ಲ. ಎರಡು ಸಲ ಶುರು ಮಾಡಿದೆ. ಕೊನೆಗೆ, "ಪಾಟು, ಆ ಸದ್ದು, ಚೆನ್ನಾಗಿಲ್ಲ, ಕಿತ್ತಾಕು ಅಂತ ಬರ್ದೆ ತಾತ. ಸರಿಯಾಗಿ ಕೇಳ್ದೇ ಬರ್ದೆ. ತಪ್ಪು ನಂದು, ಆ ಪಾಡ ನಾನು ಹೇಳ್ಕೊಟ್ಟೇ ಇರ್ಲಿಲ್ಲ" ಎಂದೆ. ಎರಡು ಅಕ್ಷರದ ಸಂಗತಿ ವಿವರಿಸಿದೆ. ಈಶ್ವರಿ ನೆಲ ನೋಡುತ್ತ ಕೇಳಿದಳು. ಒಂದು ಸಲ ಮಾತ್ರ ತಲೆಯೆತ್ತಿ, "ಆಗ ಗಿಣೀನೂ ನಡೀತದೆ, ಸದ್ದೂ ಬತ್ತದೆ?" ಎಂದಳು.

"ಎರಡೂ ಒಟ್ಟಿಗೆ."

ಅವಳು ಬೇಗ ಕರಗಲಿಲ್ಲ. "ತಪ್ಪು ಇತ್ತು, ನಂಗೂ ಗೊತ್ತು. ಎರಡ್ ದಿನ ಅದೇ ನೋಡಿ ನೋಡಿ ತಲೆ ಕೆಟ್ಟಿತ್ತು. ಯಾಕೆ ನಿಲ್ತದೆ ಅಂತ ನಿಮ್ಮನ್ನೇ ಕೇಳಾಣ ಅಂತ ಇದ್ದೆ. ಅದಕ್ ಮುಂಚೆ ನೀವು ಎಲ್ಲಾರ್ ಮುಂದೆ ಓದ್ಬುಟ್ರಿ." ಕೈಯಲ್ಲಿದ್ದ ನಾರನ್ನು ಬಳ್ಳಿಗೆ ಬಿಗಿದು ಹೇಳಿದಳು: "ಸೋಮವಾರ ಬತ್ತೀನಿ. ಆದ್ರೆ ಆ ಪಾಡ ನಂಗೊಬ್ಳಿಗೇ ಬ್ಯಾಡ. ಎಲ್ಲಾರಿಗೂ ಹೇಳಿ."

ಸೋಮವಾರ ಬಂದಳು. ಜೊತೆಗೆ ಮಾವನೂ ಬಿಳಿ ಪಂಚೆ ಉಟ್ಟು ಬಂದ, ಚಪ್ಪಲಿ ಹೊರಗೆ ಬಿಟ್ಟು ಬಣ್ಣದ ಪರದೆಯ ಮುಂದೆ ಕೂತ. ನಾನು ಮೊದಲು ಪಾಠ ಹೇಳಿದೆ. ಅದನ್ನು ಯಾಕೆ ಬಿಟ್ಟಿದ್ದೆ ಎಂಬುದನ್ನೂ ಹೇಳಿದೆ. ಮುಂದಿನ ಬೆಂಚಿನವರು ಈ ಸಲವೂ ನಕ್ಕರು, ನನ್ನನ್ನು ನೋಡಿ. ಈಶ್ವರಿ ಎದ್ದು ಬಂದು ಒಂದು ಬೆರಳಿನಿಂದ ಆ ಎರಡು ಅಕ್ಷರ ಒತ್ತಿದಳು.

ಗಿಣಿ ಹಾರಿತು. ಡಣ್... ಡಣ್... ಹತ್ತಿರ ಬಂದ ಹಾಗೆ ಡಣ್ ಡಣ್ ಡಡಣ್. ಮುದುಕ ಎರಡೂ ಕೈ ಎತ್ತಿ ಕೀಲಿಯನ್ನು ಡಬ್ಬಾ ಬಡಿದ ಹಾಗೆ ಬಡಿದ. ಕೀಲಿಮಣೆ ಮೇಜಿನ ಮೇಲೆ ಕುಣಿಯಿತು, ಯಜಮಾನರು ಓಡಿ ಬಂದರು. ಗಿಣಿ ಓಡಿಹೋದಾಗ ಮಹಡಿಯೆಲ್ಲ ಕೂಗಿತು.

ಆಡಿ ಮುಗಿಸಿ ಮುದುಕ ತೀರ್ಪು ಹೇಳಿದ. "ಸದ್ದು ನಮ್ ಡಬ್ಬಾದ್ದೇ ಕಣಮ್ಮ. ಕಣ್ ಮುಚ್ಕೊಂಡ್ರೆ ತೋಟದಾಗ ಕೂತಂಗೇ ಇತ್ತು. ಆದ್ರೆ ಗಿಣಿ ಒಂಟಿಯಾಗ್ ಬತ್ತದಾ? ಹಿಂಡು ಕಟ್ಕೊಂಡ್ ಬತ್ತವೆ. ಮೊದ್ಲು ಒಂದು ಬಂದು ನೋಡ್ಕೊಂಡ್ ಹೋಯ್ತದೆ, ಆಮೇಲೆ ಮಿಕ್ಕವು. ಅದ್ ಮಾಡು, ಆಟ ಇನ್ನೂ ಜೋರಾಯ್ತದೆ."

ಈಶ್ವರಿ ಬೇಜಾರು ಮಾಡಿಕೊಳ್ಳಲಿಲ್ಲ. "ಹೌದಲ್ಲ ಮಾವ!" ಎಂದು ಚೀಲದಿಂದ ಕಾಗದ ತೆಗೆದು ಬರೆದುಕೊಂಡಳು. ನಾನು ಅಭಿಪ್ರಾಯದ ಹಾಳೆಗೆಂದು ಎಳೆದಿದ್ದ ಮೂರು ಕಾಲಂಗಳನ್ನು ಆ ಮುದುಕ ಕಂಡೇ ಇರಲಿಲ್ಲ. ಅವನು ಪೂರ್ತಿ ಆಡಿದ್ದ, ಪೂರ್ತಿ ಕೇಳಿದ್ದ, ಸೊಸೆಯ ಆಟ ಇನ್ನೂ ಚೆನ್ನಾಗಬೇಕೆಂದು ಅವನಿಗೆ ಆಸೆಯಿತ್ತು.

ಈಶ್ವರಿ ಪರೀಕ್ಷೆ ಪಾಸು ಮಾಡಿದಳು. ಮುಂದಿನ ವರ್ಷ ಮಧ್ಯಾಹ್ನದ ಹೆಂಗಸರ ತಂಡಕ್ಕೆ ಅವಳೇ ಪಾಠ ಹೇಳಿದಳು. ಬೆಳಗ್ಗೆ ತೋಟ, ಮಧ್ಯಾಹ್ನ ತರಗತಿ. ಅಷ್ಟರಲ್ಲಿ ನನ್ನನ್ನು ಸಾರ್ ಎನ್ನುವುದು ನಿಂತು ತಮ್ಮ ಎನ್ನುವುದು ಶುರುವಾಗಿತ್ತು. ನನಗೆ ಅದು ಬಡ್ತಿ ಸಿಕ್ಕ ಹಾಗಿತ್ತು.

ಈಗ ನನ್ನ ಭಾನುವಾರಗಳು ಇಂಥ ಆಟಗಳಿಗೇ ಮೀಸಲು. ಯಾವ ಊರಿನವರೋ, ಎರಡು ದಿನದಲ್ಲಿ ಅವಸರವಾಗಿ ಮಾಡಿ, 'ದಯವಿಟ್ಟು ಹೇಗಿದೆ ಹೇಳಿ' ಎಂದು ಕೈಮುಗಿದು ಇಂಟರ್ನೆಟ್ಟಿಗೆ ಹಾಕಿರುತ್ತಾರೆ. ಆ ಸಾಲನ್ನು ಬರೆಯುವಾಗ ಎದೆ ಹೇಗೆ ಬಡಿದುಕೊಂಡಿರುತ್ತದೆ ಎಂದು ಈಗ ನನಗೆ ಗೊತ್ತು. ಇವತ್ತು ಬೆಳಗ್ಗೆ ಒಬ್ಬ ಹುಡುಗಿಯ ಆಟ ಸಿಕ್ಕಿತು. ಕತ್ತಲೆಯ ಗುಹೆಯಲ್ಲಿ ದೀಪ ಹಿಡಿದು ನಡೆಯುವುದು, ಹಿಂದಿನಿಂದ ಕೊಳಲು. ಎರಡು ಸಲ ಆಡಿದೆ, ಮೂರನೆಯ ಸಲ ಬರೀ ಕೇಳಿದೆ. ಆಮೇಲೆ ಬರೆದೆ: 'ದೀಪದ ಎಣ್ಣೆ ಕಡಿಮೆಯಾದಾಗ ಕೊಳಲು ಅರ್ಧ ಸ್ವರ ಇಳಿಯುತ್ತದಲ್ಲ, ಬೇಕೆಂದೇ ಮಾಡಿದ್ದಾ?'

ಹತ್ತು ನಿಮಿಷದಲ್ಲಿ ಉತ್ತರ ಬಂತು. 'ಹೌದು! ಅದನ್ನು ಕೇಳಿಸಿಕೊಂಡವರು ನೀವೇ ಮೊದಲು.'

ಆಮೇಲೆ ತಪ್ಪುಗಳನ್ನು ಹೇಳಿದೆ. ನಾಲ್ಕಿದ್ದವು, ಒಂದನ್ನೂ ಬಿಡಲಿಲ್ಲ. ಐದನೆಯದನ್ನು ಅವಳೇ ಹೇಳಿದಳು.