ಕೊನೆಯ ಸೈಕಲ್ಲಿನ ಮೇಷ್ಟ್ರು

ಭಾನುವಾರದ ಸೈಕಲ್ ತಂಡದಲ್ಲಿ ಡ್ರಾಯಿಂಗ್ ಮೇಷ್ಟ್ರು ಯಾವಾಗಲೂ ಕಟ್ಟಕಡೆಯವರು. ಹೊರಡುವ ಮುನ್ನ ಚಕ್ರದ ಗಾಳಿ ಅಳೆಯುತ್ತಾರೆ, ಅಳೆಯುವಾಗಲೇ ಒಂದಿಷ್ಟು ಹೋಯಿತೇನೋ ಎಂದು ಪಂಪು ಹೊಡೆಯುತ್ತಾರೆ, ಹೊಡೆದದ್ದು ಹೆಚ್ಚಾಯಿತೇನೋ ಎಂದು ಮತ್ತೆ ಅಳೆಯುತ್ತಾರೆ. ಸೈಕಲ್ಲು ಗೇಟು ದಾಟುವಷ್ಟರಲ್ಲಿ ಅವರಿಗೇ ಏದುಸಿರು. ಸವಾರಿ ಮುಗಿಸಿ ಚಹಾದಂಗಡಿಯಲ್ಲಿ ಉಳಿದವರು ಇಳಿಜಾರಿನಲ್ಲಿ ಹಾರಿಬಂದ ವೇಗದ ಬಗ್ಗೆ ಜಂಬ ಕೊಚ್ಚುತ್ತಿದ್ದರೆ ಮೇಷ್ಟ್ರದು ಒಂದೇ ರಾಗ: “ಆ ತಿರುವಲ್ಲಿ ಜಲ್ಲಿ ಚೆಲ್ಲಿತ್ತು, ನೋಡಿದ್ರೇನ್ರೀ?” ಪಾಪ, ಕಾಲಲ್ಲಿ ಕಸುವಿಲ್ಲ ಎಂದೇ ಎಲ್ಲರ ಅಂಬೋಣ. ಆದರೆ ಒಮ್ಮೆ ಕಡಿದಾದ ಏರಿನಲ್ಲಿ, ತಂಡದ ಮುಂದಿದ್ದ ಅವರ ಮಗಳ ಚೈನು ಕಳಚಿತು. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಮೇಷ್ಟ್ರು ಅಷ್ಟೂ ಜನರನ್ನು ಹಿಂದೆ ಹಾಕಿ ಅವಳ ಪಕ್ಕದಲ್ಲಿದ್ದರು. “ಇಷ್ಟು ಕಸುವಿಟ್ಕೊಂಡು ಹಿಂದ್ಯಾಕ್ರೀ ಇರ್ತೀರಿ?” ಎಂದರೆ, “ಮುಂದೆ ಹೋದ್ರೆ ಇವಳು ಕಾಣಲ್ವಲ್ಲ” ಎಂದರು. ಇವತ್ತು ಆ ಮಗಳ ಮೊದಲ ರೇಸು. ಜೊತೆಗೆ ಬಂದವರೆಲ್ಲ ಹಗ್ಗದಾಚೆ ನಿಲ್ಲಬೇಕು. ಸೀಟಿ ಊದುವ ಹೊತ್ತಾದರೂ ಮೇಷ್ಟ್ರು ಅವಳ ಹಿಂದಿನ ಚಕ್ರವನ್ನು ಅದುಮಿ ಅದುಮಿ ನೋಡುತ್ತಲೇ ಇದ್ದರು. “ಅಪ್ಪಾ, ಗಾಳಿ ಸರಿಯಾಗಿದೆ. ನೀನು ಹೋಗಿ ನಿಂತ್ಕೋ” ಎಂದಳು ಮಗಳು. ಹೋದರು. ಅವಳು ತಿರುವಿನಲ್ಲಿ ಮರೆಯಾದ ಮೇಲೂ, ಅವರ ಹೆಬ್ಬೆರಳು ಹಗ್ಗವನ್ನು ಅದುಮುತ್ತಲೇ ಇತ್ತು.